ಹೊಂದಿಕೊಂಡು ಹೋಗು ಅಂತ ಹೇಳುವ ಮೊದಲು

ಭಾನುವಾರ ವಿರಾಜಪೇಟೆ ಕಡೆ ಒಂದು ಮದುವೆಗೆ ಹೋಗಿದ್ದೆ. ಮದುಮಗಳ ಬ್ಲೌಸ್ ನಾನೇ ಹೊಲಿದದ್ದು, ಹಾಗಾಗಿ ಅವಳ ತಾಯಿ ಬಿಡದೆ ಕರೆದಿದ್ದರು. ಅಲ್ಲಿ ಊಟದ ಹೊತ್ತಿಗೆ ಕಿವಿಗೆ ಬಿದ್ದ ಮಾತು ಮೂರು ದಿನ ಆದರೂ ತಲೆಯಿಂದ ಹೋಗುತ್ತಿಲ್ಲ. ಬರೆದೇ ಬಿಡುತ್ತೇನೆ.

ಕೊಡವರ ಮದುವೆಯಲ್ಲಿ ಸಮ್ಮಂದದ ಶಾಸ್ತ್ರ ಅಂತ ಇದೆ. ಹೊರಗಿನ ಸ್ನೇಹಿತರಿಗಾಗಿ ಹೇಳುತ್ತೇನೆ. ಎರಡೂ ಒಕ್ಕದ, ಅಂದರೆ ಮನೆತನದ, ಅರುವರು ಎದುರುಬದುರು ನಿಲ್ಲುತ್ತಾರೆ. ಅರುವ ಅಂದರೆ ಆ ಮನೆತನದ ಪರವಾಗಿ ಮಾತಾಡುವ, ಜವಾಬ್ದಾರಿ ಹೊರುವ ಹಿರಿಯ. ಹೆಣ್ಣಿನ ಕಡೆಯ ಅರುವ ಕೇಳುತ್ತಾರೆ, ನಮ್ಮ ಮಗು ನಿಮ್ಮವರಿಂದ ತೊಂದರೆ ಆಯಿತು ಅಂತ ಹೇಳಿಕೊಂಡು ಬಂದರೆ ಹೊಣೆ ಯಾರು ಅಂತ. ಗಂಡಿನ ಕಡೆಯ ಅರುವ ಎಲ್ಲರ ಮುಂದೆ ಹೇಳುತ್ತಾರೆ, ನಾನು ಹೊಣೆ. ಆಮೇಲೆ ಹೊನ್ನಿನ ಲೆಕ್ಕದಲ್ಲಿ ಸಣ್ಣ ಕಲ್ಲುಗಳು ಕೈಯಿಂದ ಕೈಗೆ ಹೋಗುತ್ತವೆ.

ನಾನು ಕೊಡವರ ಮನೆಯವಳಲ್ಲ. ಆದರೆ ಇದೇ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವಳು, ಕೊಡವ ತಕ್ಕ್, ಅಂದರೆ ಅವರ ಭಾಷೆ, ಅರ್ಥ ಆಗುತ್ತದೆ. ಆ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ವಾಲಗ ಊದುವ ದಿನವೇ, ಈ ಹುಡುಗಿಗೆ ಮುಂದೆ ಕಷ್ಟ ಬರಬಹುದು, ಬಂದರೆ ಯಾರ ಬಾಗಿಲು ತಟ್ಟಬೇಕು ಅಂತ ಯೋಚನೆ ಮಾಡಿಟ್ಟವರು ನಮ್ಮ ನಾಡಿನ ಹಿರಿಯರು. ದೊಡ್ಡ ಮಾತು ಅದು.

ಅದಾಗಿ ಒಂದು ಗಂಟೆ ಆಗಿರಲಿಲ್ಲ. ತಟ್ಟೆ ಹಿಡಿದು ಕೂತಿದ್ದೆವು. ಎರಡು ಸಾಲು ಆಚೆ ಒಬ್ಬ ಹುಡುಗಿ ಒಬ್ಬಳೇ ಊಟ ಮಾಡುತ್ತಿದ್ದಳು. ಗಂಡನ ಮನೆ ಬಿಟ್ಟು ತವರಿಗೆ ಬಂದಿದ್ದಾಳಂತೆ. ನನ್ನ ಪಕ್ಕದ ಹಿರಿಯರು, ನಾನು ತುಂಬಾ ಗೌರವ ಇಟ್ಟುಕೊಂಡವರು, ಕಡಂಬಿಟ್ಟು ಮುರಿಯುತ್ತಾ ಹೇಳಿದರು, "ಸ್ವಲ್ಪ ಹೊಂದ್ಕೊಂಡು ಹೋಗಿದ್ರೆ ಏನಾಗ್ತಿತ್ತು? ಈಗಿನವರಿಗೆ ತಾಳ್ಮೆನೇ ಇಲ್ಲ." ಆಚೆಯವರು ಸೇರಿಸಿದರು, "ಒಂದೇಟು ಬಿತ್ತು ಅಂತ ಮನೆ ಬಿಟ್ಟು ಬರೋದಾ?"

ಅವಳಿಗೆ ಕೇಳಿಸಿತು. ತುತ್ತು ಕಲಸುತ್ತಿದ್ದ ಕೈ ಹಾಗೇ ನಿಂತಿತು. ಆಮೇಲೆ ಎದ್ದು ಹೋಗಿ ಕೈ ತೊಳೆದಳು. ತಟ್ಟೆ ತುಂಬಾ ಊಟ ಹಾಗೇ ಇತ್ತು.

ಒಂದು ಗಂಟೆ ಮೊದಲು "ಹೊಣೆ ಯಾರು" ಅಂತ ಕೇಳಿದ್ದು ಇದೇ ಹಾಲ್‌ನಲ್ಲಿ. ಅದನ್ನು ಕೇಳಿ ತಲೆದೂಗಿದವರು ಇದೇ ಜನ. ಮತ್ತೆ ಯಾಕೆ ಆ ಪ್ರಶ್ನೆ? ಶಾಸ್ತ್ರಕ್ಕೆ ಮಾತ್ರವಾ?

ಕೊಡವರನ್ನು ಮಾತ್ರ ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಇನ್ನೂ ಕಷ್ಟ. ನಮ್ಮ ಮದುವೆಗಳಲ್ಲಿ ಆ ಪ್ರಶ್ನೆಯನ್ನೇ ಯಾರೂ ಕೇಳುವುದಿಲ್ಲ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ" ಅಂತ ಗಾದೆ ಬೇರೆ. ಇನ್ನೊಂದು, "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ." ಈ ಗಾದೆ ಕಟ್ಟಿದವರು ಜಗಳದ ಬಗ್ಗೆ ಹೇಳಿದ್ದಾರೆ, ಹೊಡೆತದ ಬಗ್ಗೆ ಅಲ್ಲ. ಜಗಳದಲ್ಲಿ ಇಬ್ಬರೂ ಮಾತಾಡುತ್ತಾರೆ. ಹೊಡೆತ ಬೀಳುವ ಮನೆಯಲ್ಲಿ ಒಬ್ಬರು ಮಾತ್ರ ಮಾತಾಡುತ್ತಾರೆ, ಇನ್ನೊಬ್ಬರು ಅವರ ಮುಖ ನೋಡಿಕೊಂಡು ಬದುಕುತ್ತಾರೆ.

ನನ್ನ ಕೆಲಸ ನಿಮಗೆ ಗೊತ್ತಲ್ಲ. ಹತ್ತೊಂಬತ್ತು ವರ್ಷದಿಂದ ಹೆಂಗಸರ ಅಳತೆ ತೆಗೆಯುತ್ತಿದ್ದೇನೆ. ಟೇಪ್ ಹಿಡಿದು ಅಷ್ಟು ಹತ್ತಿರ ನಿಂತರೆ ಎಲ್ಲ ಕಾಣುತ್ತದೆ. ತೋಳಿನ ಸುತ್ತಳತೆಗೆ ಟೇಪ್ ಹಾಕಿದಾಗ ಕೆಲವರು ತಟ್ಟನೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಹೆಬ್ಬೆರಳು ಒತ್ತಿದ ಕಡೆ ಒಂದು ಗುರುತು, ಹಿಂದೆ ನಾಲ್ಕು ಬೆರಳಿನ ಗುರುತು. ಬಿದ್ದು ಪೆಟ್ಟಾದರೆ ಹಾಗೆ ಬೆರಳು ಮೂಡುವುದಿಲ್ಲ.

ಎಂಟು ವರ್ಷದ ಹಿಂದೆ, ಏಪ್ರಿಲ್ ತಿಂಗಳ ಸೆಕೆಯಲ್ಲಿ, ಒಬ್ಬರು ಬಂದು ಬ್ಲೌಸಿನ ತೋಳು ಮೂರು ಇಂಚು ಜಾಸ್ತಿ ಇಡಿ ಅಂದರು. ಅಳತೆ ತೆಗೆಯುವಾಗ ಯಾಕೆ ಅಂತ ಕಂಡಿತು. ನಾನು ಕಂಡಿದ್ದು ಅವರಿಗೂ ಗೊತ್ತಾಯಿತು. ಒಂದು ನಿಮಿಷ ಇಬ್ಬರೂ ಸುಮ್ಮನೆ ನಿಂತಿದ್ದೆವು. ಆಮೇಲೆ ನಾನು ಬಾಯಿ ಬಿಟ್ಟೆ. ಏನು ಹೇಳಿದೆ ಗೊತ್ತಾ? "ಮಕ್ಕಳು ಚಿಕ್ಕವರು, ಸ್ವಲ್ಪ ಹೊಂದಿಕೊಂಡು ಹೋಗಿ ಅಕ್ಕ, ಎಲ್ಲ ಸರಿ ಹೋಗುತ್ತೆ."

ಹೌದು, ನಾನೇ. ಅವರು ತಲೆ ಆಡಿಸಿದರು. ತೋಳು ಉದ್ದ ಮಾಡಿ ಹೊಲಿದುಕೊಟ್ಟೆ. ಒಳಗೆ ಹೊಲಿಗೆ ಒತ್ತದ ಹಾಗೆ ತುಂಬಾ ಜಾಗ್ರತೆಯಿಂದ ಹೊಲಿದೆ, ಅದೇ ದೊಡ್ಡ ಸಹಾಯ ಅನ್ನುವ ಹಾಗೆ. ಅವರು ಮತ್ತೆ ನನ್ನ ಅಂಗಡಿಗೆ ಬರಲಿಲ್ಲ. ಎದುರಿನ ರಸ್ತೆಯಲ್ಲಿ ಹೋಗುವಾಗಲೂ ನನ್ನ ಕಡೆ ನೋಡುವುದಿಲ್ಲ. ಬೇರೆ ಯಾರಿಗಾದರೂ ಹೇಳುವ ಧೈರ್ಯ ಅವರಲ್ಲಿ ಉಳಿದಿದ್ದರೆ, ಅದನ್ನೂ ನಾನು ಅವತ್ತು ಕಿತ್ತುಕೊಂಡೆ. ಅದು ನನ್ನ ಎದೆಯಲ್ಲಿ ಸೂಜಿಯ ಹಾಗೆ ಕೂತಿದೆ. ಅದಕ್ಕೇ ಭಾನುವಾರ ನನಗೆ ಅಷ್ಟು ಸಿಟ್ಟು ಬಂದದ್ದು.

2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದಿದ್ದಾರೆ. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಆ ಲೆಕ್ಕ ಸುಮಾರು 21 ಇತ್ತು. ಇಡೀ ದೇಶದಲ್ಲಿ ಹಿಂಸೆ ಅನುಭವಿಸಿದವರಲ್ಲಿ ನೂರಕ್ಕೆ 77 ಮಂದಿ ಯಾರ ಸಹಾಯವನ್ನೂ ಕೇಳಿಲ್ಲ, ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ಯಾಕೆ ಬಿಡುತ್ತಾರೆ? ಬಾಯಿ ಬಿಟ್ಟರೆ ನಾವು ಏನು ಹೇಳುತ್ತೇವೆ ಅಂತ ಅವರಿಗೆ ಮೊದಲೇ ಗೊತ್ತು.

"ಸುಳ್ಳು ಕೇಸ್ ಹಾಕುವವರೂ ಇದ್ದಾರಲ್ಲ" ಅಂತ ಒಬ್ಬರಾದರೂ ಹೇಳುತ್ತೀರಿ, ಗೊತ್ತು. ಇರಬಹುದು. ಸುಳ್ಳು ಕೇಸ್ ಯಾವ ಕಾನೂನಿನಲ್ಲಿ ಇಲ್ಲ? ಜಾಗದ ಗಡಿಗೆ ನಮ್ಮೂರಲ್ಲಿ ಎಷ್ಟು ಸುಳ್ಳು ಕೇಸ್ ನಡೆದಿಲ್ಲ? ಅದಕ್ಕೆ ಯಾರೂ ಸರ್ವೆ ಆಫೀಸ್ ಮುಚ್ಚಿ ಅನ್ನಲಿಲ್ಲ. ದೂರು ಬಂದ ಕೂಡಲೇ ವಿಚಾರಿಸದೆ ಬಂಧಿಸಬಾರದು ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಕೇಸ್ ಸುಳ್ಳೋ ನಿಜವೋ ಅಂತ ನೋಡಲು ಕೋರ್ಟ್ ಇದೆ. ಊಟದ ತಟ್ಟೆ ಮುಂದೆ ಕೂತ ನಾವು ತೀರ್ಪು ಕೊಡುವುದು ಬೇಡ.

"ಕುಡಿದಾಗ ಮಾತ್ರ ಹಾಗೆ, ಇಲ್ಲದಿದ್ದರೆ ಚಿನ್ನದಂಥ ಮನುಷ್ಯ" ಅನ್ನುವವರಿಗೂ ಒಂದು ಮಾತು. ಅದೇ ಕುಡಿತದಲ್ಲಿ ಅವನು ತೋಟದ ಸಾಹುಕಾರರಿಗೆ ಹೊಡೆದಿದ್ದಾನಾ? ಪೊಲೀಸರಿಗೆ? ಎಷ್ಟು ಕುಡಿದರೂ ಯಾರಿಗೆ ಹೊಡೆಯಬಹುದು ಅನ್ನುವುದು ಅವನಿಗೆ ಮರೆಯುವುದಿಲ್ಲ.

ನಮ್ಮ ಕೊಡಗಿನ ಕಷ್ಟ ಬೇರೆ ಊರಿನವರಿಗೆ ಅರ್ಥ ಆಗುವುದಿಲ್ಲ. ತೋಟದ ಮಧ್ಯೆ ಒಂಟಿ ಮನೆ, ಗೇಟಿಂದ ಮನೆಗೇ ಅರ್ಧ ಕಿಲೋಮೀಟರ್. ಕೂಗಿದರೆ ನಾಯಿಗೆ ಮಾತ್ರ ಕೇಳುತ್ತದೆ. ಜುಲೈ ಮಳೆಗೆ ಮರ ಬಿದ್ದರೆ ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ದಿನಗಟ್ಟಲೆ. ಗೋಡೆಯಲ್ಲಿ ಕೋವಿ ಇರುವ ಮನೆಗಳಿವೆ. ಕೋವಿ ನಮ್ಮ ನಾಡಿನಲ್ಲಿ ಪೂಜೆ ಮಾಡುವ ವಸ್ತು, ಅದರ ಬಗ್ಗೆ ನನಗೆ ಗೌರವ ಇದೆ. ಆದರೆ ಅದನ್ನು ಕೈಗೆ ತೆಗೆದುಕೊಳ್ಳಬೇಕಾಗಿಯೇ ಇಲ್ಲ, ಜಗಳದ ಮಧ್ಯೆ ಅದರ ಕಡೆ ಒಮ್ಮೆ ನೋಡಿದರೆ ಸಾಕು ಅಂತ ಒಬ್ಬರು ನನಗೆ ಹೇಳಿದ್ದಾರೆ.

ತೋಟದ ಕೆಲಸದವರು ಸಾಲಾಗಿ ಇರುವ ಲೈನ್ ಮನೆಗಳಲ್ಲಿ ಇದಕ್ಕೆ ತಲೆಕೆಳಗು. ಅಲ್ಲಿ ಎಲ್ಲರಿಗೂ ಕೇಳುತ್ತದೆ, ಯಾರೂ ಏಳುವುದಿಲ್ಲ. "ಅವರಲ್ಲಿ ಅದೆಲ್ಲ ಮಾಮೂಲು" ಅನ್ನುತ್ತಾರೆ. ಹೊಡೆತ ಯಾರ ಮೈಗೂ ಮಾಮೂಲಲ್ಲ. ಗಂಡ ಹೆಂಡತಿ ಜೋಡಿಯಾಗಿ ಕೆಲಸಕ್ಕೆ ಸೇರಿದ ಕಡೆ ಗಂಡನನ್ನು ಬಿಟ್ಟರೆ ಕೆಲಸವೂ ಹೋಯಿತು, ಮನೆಯೂ ಹೋಯಿತು. ಅಸ್ಸಾಂನಿಂದ ಬಂದ ಹುಡುಗಿಗೆ ಭಾಷೆಯೂ ಇಲ್ಲ. ಅವಳು ಯಾರಿಗೆ ಹೇಳಬೇಕು?

ಮೂರು ವರ್ಷದ ಹಿಂದೆ ಇನ್ನೊಬ್ಬರು ಬಂದರು. ಈ ಸಲ ನಾನು ಟೇಪ್ ಕೆಳಗಿಟ್ಟು ಶಟರ್ ಅರ್ಧ ಎಳೆದೆ. "ನಾನು ನಂಬ್ತೀನಿ. ನಿಮಗೆ ಏನು ಬೇಕು ಹೇಳಿ" ಅಂತ ಅಷ್ಟೇ ಕೇಳಿದೆ. ಅವರು ಅವತ್ತೇ ಮನೆ ಬಿಡಲಿಲ್ಲ. ನಾನೂ ಬಿಡಿ ಅನ್ನಲಿಲ್ಲ. ಇದು ನಾನು ಕಲಿತ ಪಾಠ. ಇರು ಅಂತಲೂ ನಾವು ಹೇಳಬಾರದು, ಬಿಡು ಅಂತಲೂ ಅವಸರ ಮಾಡಬಾರದು. ಹೊರಡುವ ಹೊತ್ತೇ ಜಾಸ್ತಿ ಅಪಾಯದ ಹೊತ್ತು. ಯಾವಾಗ ಅನ್ನುವುದು ಅವರಿಗೆ ಗೊತ್ತಿರುತ್ತದೆ.

ಐದು ತಿಂಗಳಲ್ಲಿ ಒಂದೊಂದೇ ಕಾಗದ ನನ್ನ ಅಂಗಡಿಗೆ ಬಂತು. ಆಧಾರ್ ಕಾರ್ಡಿನ ಜೆರಾಕ್ಸ್, ರೇಷನ್ ಕಾರ್ಡಿನದು, ಮಗುವಿನ ಜನನ ಪತ್ರ, ಬ್ಯಾಂಕ್ ಪಾಸ್‌ಬುಕ್. ಗುಂಡಿ ಡಬ್ಬಿಗಳ ಹಿಂದೆ, ಲೈನಿಂಗ್ ಬಟ್ಟೆಯ ಕೆಳಗೆ ಇಟ್ಟಿದ್ದೆ. ಗೃಹಲಕ್ಷ್ಮಿಯ ಎರಡು ಸಾವಿರ ಅವರ ಹೆಸರಿಗೇ ಬೀಳುತ್ತಿತ್ತು, ಆದರೆ ಎಟಿಎಂ ಕಾರ್ಡ್ ಗಂಡನ ಜೇಬಿನಲ್ಲಿ. ಬ್ಯಾಂಕಿಗೆ ಜೊತೆಯಲ್ಲಿ ಹೋಗಿ ಹಳೆ ಕಾರ್ಡ್ ನಿಲ್ಲಿಸಿದೆವು. ಫೋನಿನಲ್ಲಿ "ಫಾಲ್ಸ್ ಹಾಕಿ ಆಯ್ತಾ?" ಅಂತ ಕೇಳಿದರೆ ಇವತ್ತು ಬರುತ್ತೇನೆ ಅಂತ ಅರ್ಥ. ಒಂದು ಬೆಳಿಗ್ಗೆ ಆ ಫೋನ್ ಬಂತು. ಕೈಯಲ್ಲಿ ದುಡ್ಡಿರಲಿಲ್ಲ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ ಅಲ್ವಾ, ಮಗುವನ್ನು ಎತ್ತಿಕೊಂಡು ಬಸ್ ಹತ್ತಿದ್ದರು. ಆ ಯೋಜನೆಯನ್ನು ಆಡಿಕೊಳ್ಳುವವರನ್ನು ಕಂಡಾಗ ನನಗೆ ಆ ಬಸ್ಸಿನಿಂದ ಇಳಿದ ಮುಖವೇ ನೆನಪಾಗುತ್ತದೆ.

ಅವರ ಜೊತೆ ಓಡಾಡುವಾಗಲೇ ಕಾನೂನಿನ ನಾಲ್ಕು ವಿಷಯ ಗೊತ್ತಾಯಿತು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾಯ್ದೆ 2005ರದ್ದು, 2006ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಹೊಡೆತ ಮಾತ್ರ ಹಿಂಸೆ ಅಂತ ಅದು ಹೇಳುವುದಿಲ್ಲ. ಬೈಗುಳ, ಹೀಯಾಳಿಸುವುದು, ದುಡ್ಡು ಕೊಡದೆ ಸತಾಯಿಸುವುದು, ಇಷ್ಟವಿಲ್ಲದ ಕಡೆ ಮೈಮೇಲೆ ಬಲವಂತ, ಎಲ್ಲ ಅದರಲ್ಲಿ ಬರುತ್ತದೆ. ಮನೆ ಯಾರ ಹೆಸರಿನಲ್ಲೇ ಇರಲಿ, ಅವಳು ಬಾಳಿದ ಮನೆಯಲ್ಲಿ ಇರುವ ಹಕ್ಕು ಅವಳಿಗಿದೆ. ಇದು ಎಷ್ಟು ಜನಕ್ಕೆ ಗೊತ್ತು? "ನನ್ನ ಮನೆಯಿಂದ ಆಚೆ ಹೋಗು" ಅಂದ ತಕ್ಷಣ ರಾತ್ರಿ ಅಂಗಳದಲ್ಲಿ ನಿಂತವರನ್ನು ನಾವೇ ನೋಡಿದ್ದೇವೆ. ಮ್ಯಾಜಿಸ್ಟ್ರೇಟ್ ರಕ್ಷಣಾ ಆದೇಶ ಕೊಟ್ಟ ಮೇಲೂ ಅವನು ಮೀರಿದರೆ ಒಂದು ವರ್ಷದ ತನಕ ಜೈಲು ಆಗಬಹುದು. ಇನ್ನೊಂದು ಮುಖ್ಯ ವಿಷಯ, ದೂರನ್ನು ಅವಳೇ ಕೊಡಬೇಕು ಅಂತಿಲ್ಲ. ಹಿಂಸೆ ನಡೆಯುತ್ತಿದೆ ಅಂತ ಅನಿಸಿದ ಯಾರೇ ಆದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಆ ಜವಾಬ್ದಾರಿ ಇದೆ. ಒಳ್ಳೆ ಮನಸ್ಸಿನಿಂದ ತಿಳಿಸಿದವರ ಮೇಲೆ ಯಾವ ಕೇಸೂ ಬರುವುದಿಲ್ಲ ಅಂತ ಕಾಯ್ದೆಯಲ್ಲೇ ಬರೆದಿದೆ. "ನಮಗ್ಯಾಕೆ ಬೇರೆಯವರ ಮನೆ ವಿಷಯ" ಅನ್ನುವವರು ಇದನ್ನು ಎರಡು ಸಲ ಓದಿ.

181, ಮಹಿಳಾ ಸಹಾಯವಾಣಿ. ಹೊಡೆತ ಬೀಳುತ್ತಿರುವ ಹೊತ್ತಿಗೆ 112. ಉಚಿತ ವಕೀಲರಿಗೆ ಕಾನೂನು ಸೇವಾ ಪ್ರಾಧಿಕಾರದ 15100, ಹೆಂಗಸರಿಗೆ ಆದಾಯ ಎಷ್ಟು ಅಂತ ಕೇಳುವುದಿಲ್ಲ. ಫೋನಿನಲ್ಲಿ ನಂಬರ್ ಇಟ್ಟುಕೊಳ್ಳಲು ಅವಳಿಗೆ ಭಯ ಇದ್ದರೆ ನೀವು ಇಟ್ಟುಕೊಳ್ಳಿ.

ಮದುವೆ ಮನೆಯ ಹುಡುಗಿ ಬಗ್ಗೆ ನಾನು ಇನ್ನೇನೂ ಬರೆಯುವುದಿಲ್ಲ. ಯಾರು, ಯಾವ ಮನೆ ಅಂತ ಇನ್‌ಬಾಕ್ಸ್‌ನಲ್ಲಿ ಕೇಳಬೇಡಿ. ಅವಳ ಪಕ್ಕ ಹೋಗಿ ಕೂತೆ, ಪಾಯಸ ತಂದುಕೊಟ್ಟೆ, ಅಷ್ಟೇ. ಪಕ್ಕದಲ್ಲಿದ್ದ ಹಿರಿಯರಿಗೆ ಅಲ್ಲೇ ಉತ್ತರ ಕೊಡಬೇಕಿತ್ತು. ಕೊಡಲಿಲ್ಲ. ಈಗ ಕೊಡುತ್ತಿದ್ದೇನೆ. ಅವರು ಇದನ್ನು ಓದುತ್ತಾರೆ ಅಂತ ಗೊತ್ತು.

ಹೊರಡುವಾಗ ಕೈ ತೊಳೆಯುವ ನಲ್ಲಿ ಹತ್ತಿರ ಗಂಡಿನ ಕಡೆಯ ಅರುವರು ಸಿಕ್ಕರು. ಹಳೆ ಪರಿಚಯ. ತಡೆಯಲಾರದೆ ಕೇಳಿಯೇ ಬಿಟ್ಟೆ, "ಅಂಕಲ್, ಹೊಣೆ ನಾನು ಅಂತ ಇಷ್ಟು ಮದುವೆಯಲ್ಲಿ ಹೇಳಿದ್ದೀರಲ್ಲ. ಯಾವತ್ತಾದರೂ ಒಬ್ಬ ಹುಡುಗಿ ಬಂದು ನಿಮ್ಮನ್ನು ಕೇಳಿದ್ದಾಳಾ?"

ಅವರು ಟವೆಲ್‌ನಲ್ಲಿ ಕೈ ಒರೆಸುತ್ತಾ ತುಂಬಾ ಹೊತ್ತು ಸುಮ್ಮನಿದ್ದರು. "ಒಂದು ಸಲ ಬಂದಿದ್ಲು ಮಗ" ಅಂದರು. "ಬುದ್ಧಿ ಹೇಳಿ ವಾಪಸ್ ಕಳಿಸಿದೆ."

ನಾನೂ ಏನೂ ಹೇಳಲಿಲ್ಲ. ನಾನು ಹೇಳುವಂಥದ್ದು ಏನಿತ್ತು, ಅದೇ ಕೆಲಸ ನಾನೂ ಮಾಡಿದವಳು. ಸ್ವಲ್ಪ ಹೊತ್ತಾದ ಮೇಲೆ ಅವರೇ ಜೇಬಿನಿಂದ ಫೋನ್ ತೆಗೆದರು. "ಅದೇನೋ ನಂಬರ್ ಇದೆ ಅಂತಾರಲ್ಲ, ಹೆಂಗಸರದ್ದು. ಹಾಕಿಕೊಡು" ಅಂದರು. ಕನ್ನಡಕ ಕಾರಿನಲ್ಲೇ ಬಿಟ್ಟು ಬಂದಿದ್ದರು. ನಾನೇ ಒತ್ತಿ, ಸೇವ್ ಮಾಡಿ ಕೊಟ್ಟೆ.