ಆಲ್ಬಮ್ ನಿಮ್ಮದು, ಕೋಳ ನಮ್ಮದು

ಅಮೆರಿಕದ ಸ್ಯಾನ್ ಡಿಯಾಗೊದ ಸುದ್ದಿ ಓದಿದ್ದೀರಲ್ವಾ? ಸಿಟಿಜನ್ ಹೆಂಡತಿ ಜೊತೆ, ಸಿಟಿಜನ್ ಗಂಡನ ಜೊತೆ ಗ್ರೀನ್ ಕಾರ್ಡ್ (ಅಲ್ಲಿ ಕಾಯಂ ನೆಲೆಸುವ ಪರವಾನಗಿ) ಸಂದರ್ಶನಕ್ಕೆ ಹೋದವರಿಗೆ ಅಲ್ಲೇ ಕೋಳ ಬಿತ್ತು. ದಿನ, ಗಂಟೆ ಗೊತ್ತು ಮಾಡಿ ಕರೆದದ್ದು ಸರ್ಕಾರವೇ. ವಲಸೆ ಪೊಲೀಸರಿಗೆ ಇದಕ್ಕಿಂತ ಸುಖದ ಡ್ಯೂಟಿ ಎಲ್ಲಿದೆ? ಯಾರ ಬೆನ್ನಟ್ಟಿ ಓಡಬೇಕಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮದುವೆ ಆಲ್ಬಮ್ ಹಿಡಿದು, ಟೈಮಿಗೆ ಮೊದಲೇ ಬಂದು ಕೂತಿರುತ್ತಾರೆ.

ಆ ಸಂದರ್ಶನವೂ ಒಂದು ಮಜಾ. ಮದುವೆ ನಿಜವೋ ನಾಟಕವೋ ಅಂತ ಅನುಮಾನ ಬಂದರೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳುತ್ತಾರೆ. ಮಂಚದಲ್ಲಿ ಯಾರು ಯಾವ ಕಡೆ ಮಲಗ್ತೀರಿ? ಹೋದ ಹುಟ್ಟುಹಬ್ಬಕ್ಕೆ ಏನು ಕೊಡಿಸಿದಿರಿ? ನಮ್ಮ ಕಡೆ ಮೂವತ್ತು ವರ್ಷ ಸಂಸಾರ ಮಾಡಿದ ಗಂಡಸನ್ನು ಕೇಳಿ ನೋಡಿ. ಹೆಂಡತಿಯನ್ನು ‘ಇವಳೇ’ ಅಂತ ಕರೆದೇ ಕಾಲ ಹಾಕಿದ ಆಸಾಮಿ, ಹುಟ್ಟಿದ ತಾರೀಕಿಗೇ ಬೆವರುತ್ತಾನೆ. ನಮ್ಮ ಅರ್ಧ ಮದುವೆಗಳು ಅಲ್ಲೇ ಫೇಲು. ಪಟಪಟ ಉತ್ತರ ಹೇಳೋದು ನಾಟಕದ ಜೋಡಿ ಮಾತ್ರ, ಅವರು ಉರು ಹೊಡೆದು ಬಂದಿರುತ್ತಾರೆ.

ತಮಾಷೆ ಏನಂದರೆ, ಹೀಗೆ ಸಿಕ್ಕಿಬಿದ್ದವರು ಅದೃಷ್ಟವಂತರ ಪೈಕಿ. ವೀಸಾ ಹಿಡಿದು ಬಂದು, ಅವಧಿ ಮುಗಿದರೂ ಉಳಿದವರು. ಸಿಟಿಜನ್ನನ್ನು ಮದುವೆಯಾದರೆ ಆ ತಪ್ಪನ್ನು ಮನ್ನಿಸಿ ದೇಶದೊಳಗೇ ಗ್ರೀನ್ ಕಾರ್ಡ್ ಕೊಡಲು ಕಾನೂನಿನಲ್ಲೇ ದಾರಿಯಿದೆ. ಗಡಿ ನುಸುಳಿ ಬಂದವನಿಗೆ ಸಾಮಾನ್ಯವಾಗಿ ಆ ಭಾಗ್ಯವಿಲ್ಲ. ಅವನು ಹೊರಗೆ ಹೋಗಿ ವೀಸಾ ತರಬೇಕು. ಮೆಕ್ಸಿಕೋದವನಾದರೆ ಅಲ್ಲಿನ ಗಡಿ ಊರು ಹ್ವಾರೆಸ್‌ನಲ್ಲಿರುವ ಅಮೆರಿಕದ ಕಾನ್ಸುಲೇಟಿನಿಂದ. ಹೋಗಿ ಬರಲಿ ಬಿಡಿ ಅಂದಿರಾ? 1996ರಲ್ಲಿ ಕ್ಲಿಂಟನ್ ಸಹಿ ಹಾಕಿದ ಕಾನೂನು ಆಚೆ ಕಾದು ಕೂತಿದೆ. 180 ದಿನಕ್ಕಿಂತ ಜಾಸ್ತಿ ಕಾಗದವಿಲ್ಲದೆ ಇದ್ದು ಹೊರಟರೆ 3 ವರ್ಷ ಮರಳುವಂತಿಲ್ಲ. ಒಂದು ವರ್ಷ ತುಂಬಿದ್ದರೆ 10 ವರ್ಷ. ಈ ನಿಷೇಧ ಶುರುವಾಗೋದೇ ದೇಶದಿಂದ ಆಚೆ ಕಾಲಿಟ್ಟಾಗ. ಸುಮ್ನೆ ಅವಿತು ಕೂತವನಿಗೆ ಇಲ್ಲ, ಕಾಗದ ಸರಿ ಮಾಡಿಕೊಳ್ಳಲು ಹೊರಟವನಿಗೆ ಉಂಟು. ಭಲೇ!

“ನಾವೆಲ್ಲ ಕ್ಯೂನಲ್ಲಿ ನಿಂತು ಬಂದವರು, ಇವರೂ ನಿಲ್ಲಲಿ” ಅಂತ ಎಚ್-1ಬಿ ಅನ್ನೋ ಕೆಲಸದ ವೀಸಾ ಮೇಲೆ ಹೋದ ನಮ್ಮ ಭಾವಂದಿರು ವಾಟ್ಸಾಪಿನಲ್ಲಿ ಗುಡುಗುತ್ತಾರೆ. ನಿಲ್ಲಲಿ ಭಾವ, ಕ್ಯೂ ಎಲ್ಲಿದೆ ತೋರಿಸಿ. ಸಿಟಿಜನ್ನರ ಗಂಡ ಹೆಂಡಿರಿಗೆ ವರ್ಷಕ್ಕೆ ಇಷ್ಟೇ ವೀಸಾ ಅನ್ನೋ ಮಿತಿಯೇ ಇಲ್ಲ. ಬಾಗಿಲು ತೆರೆದೇ ಇದೆ, ಹೊಸ್ತಿಲಲ್ಲಿ ಗುಂಡಿ ತೋಡಿದ್ದಾರೆ ಅಷ್ಟೆ.

ಗುಂಡಿ ಮುಚ್ಚೋಕೆ ಬೈಡನ್ ಸಾಹೇಬರು ಬಂದರು. 10 ವರ್ಷ ಅಲ್ಲೇ ಇದ್ದ, ಸಿಟಿಜನ್ನರನ್ನು ಮದುವೆಯಾದ ಸುಮಾರು 5 ಲಕ್ಷ ಗಂಡ ಹೆಂಡಿರಿಗೆ ಹೊರಗೆ ಹೋಗದೆಯೇ ಅರ್ಜಿ ಹಾಕುವ ಯೋಜನೆ. ಶುಲ್ಕ 580 ಡಾಲರ್. 2024ರ ಆಗಸ್ಟ್ 19ಕ್ಕೆ ಶುರು, 26ಕ್ಕೆ ಟೆಕ್ಸಾಸ್ ಕೋರ್ಟಿನಿಂದ ತಡೆ, ನವೆಂಬರ್‌ನಲ್ಲಿ ರದ್ದು. ನಮ್ಮೂರ ಜಾತ್ರೆ ಇದಕ್ಕಿಂತ ಜಾಸ್ತಿ ದಿನ ನಡೆಯುತ್ತೆ.

ಈಗ ಉಳಿದಿರೋದು ಆ 3, 10 ವರ್ಷದ ನಿಷೇಧ ಮನ್ನಾ ಮಾಡಿ ಅನ್ನೋ ಅರ್ಜಿ. ಹೊರಡುವ ಮೊದಲೇ ಹಾಕಬಹುದು, 795 ಡಾಲರ್ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಗಂಡ ಇಲ್ಲದಿದ್ದರೆ ಹೆಂಡತಿಗೆ ವಿಪರೀತ ಕಷ್ಟ ಅಂತ ರುಜುವಾತು ಕೊಡಬೇಕು. ಮಾಮೂಲಿ ಅಗಲಿಕೆಯ ಸಂಕಟ ಸಾಲದು. ಡಾಕ್ಟರ ಚೀಟಿ, ಬ್ಯಾಂಕಿನ ಲೆಕ್ಕ, ಮನೋವೈದ್ಯರ ವರದಿ ಎಲ್ಲ ಜೋಡಿಸಬೇಕು. ಚೆನ್ನಾಗಿ ಅಳಲು ಬಂದವಳಿಗೆ ಮಾತ್ರ ಗಂಡ.

ಇನ್ನು ಮಕ್ಕಳು. ಅಲ್ಲೇ ಹುಟ್ಟಿದ, ಸಿಟಿಜನ್ ಆದ ಮಗು ಅಪ್ಪ ಬೇಕು ಅಂತ ಅತ್ತರೆ ಅದು ನೇರ ಲೆಕ್ಕಕ್ಕಿಲ್ಲ. ಆ ಅಳು ನೋಡಿ ತಾಯಿ ಎಷ್ಟು ನೊಂದಳು ಅನ್ನೋದಷ್ಟೇ ಲೆಕ್ಕ. ಇದನ್ನು ಬರೆದವರು ಮನೆಗೆ ಹೋಗಿ ತಮ್ಮ ಮಕ್ಕಳ ಮುಖ ಹೇಗೆ ನೋಡಿದರೋ. ನಗಿಸಬೇಕು ಅಂತ ಕೂತವನು ನಾನು, ಇಲ್ಲಿ ನಗು ಬರ್ತಿಲ್ಲ.

ಮನ್ನಾ ಸಿಕ್ಕರೂ, ಹ್ವಾರೆಸ್‌ನ ಅಧಿಕಾರಿ ಬೇರೊಂದು ಕಾರಣ ಹುಡುಕಿದರೆ ಅದು ಅಲ್ಲಿಗೇ ರದ್ದು. ಹೆಂಡತಿ ಕೋರ್ಟಿಗೆ ಹೋಗಲಿ ಅಂತೀರಾ? ಒಬ್ಬಾಕೆ ಹೋಗಿದ್ದರು. 2024ರ ಜೂನ್‌ನಲ್ಲಿ, ಬೈಡನ್ ಆ ಯೋಜನೆ ಘೋಷಿಸಿದ ಮೂರೇ ದಿನಕ್ಕೆ, ಸುಪ್ರೀಂ ಕೋರ್ಟ್ 6-3ರ ತೀರ್ಪು ಕೊಟ್ಟಿತು: ಸಿಟಿಜನ್ ಆದರೂ ಪರದೇಶದ ಗಂಡನನ್ನು ಒಳಗೆ ಬಿಡಿ ಎನ್ನುವ ಮೂಲಭೂತ ಹಕ್ಕು ನಿಮಗಿಲ್ಲ, ತಾಯಿ.