ನಾಲ್ಕು ಸ್ವರದ ಆಟ

ದಸರಾ ವಸ್ತುಪ್ರದರ್ಶನ ಎಂದರೆ ಮೈಸೂರಿನವರಿಗೆ ದೊಡ್ಡ ಹಪ್ಪಳ, ಮೆಣಸಿನಕಾಯಿ ಬಜ್ಜಿ, ಜಯಂಟ್ ವೀಲ್. ನನಗೂ ಅಕ್ಕನಿಗೂ ಮಾತ್ರ ದೊಡ್ಡಕೆರೆ ಮೈದಾನದ ಮೂಲೆಯ ತಗಡಿನ ಮಳಿಗೆಯಲ್ಲಿದ್ದ ‘ಸ್ಪೇಸ್ ಇನ್ವೇಡರ್ಸ್’ ಎಂಬ ವಿಡಿಯೊ ಆಟದ ಯಂತ್ರ. ಆ ಜನಜಂಗುಳಿಯಲ್ಲಿ ಅದು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಿತ್ತು. ಡುಂ, ಡುಂ, ಡುಂ, ಡುಂ. ನಾಲ್ಕೇ ಸ್ವರ, ಮತ್ತೆ ಅದೇ ನಾಲ್ಕು. ಸರದಿ ಬರುವಷ್ಟರಲ್ಲಿ ಅಮ್ಮ ಕೊಟ್ಟ ನಾಣ್ಯ ಅಂಗೈಯಲ್ಲಿ ಬೆವೆತು ಜಾರುತ್ತಿತ್ತು.

ಮೇಲಿನಿಂದ ಸಾಲುಸಾಲಾಗಿ ಇಳಿದು ಬರುವ ಅನ್ಯಗ್ರಹದ ರಾಕ್ಷಸರನ್ನು ಕೆಳಗಿನಿಂದ ಗುಂಡು ಹಾರಿಸಿ ಉರುಳಿಸಬೇಕು. ಆಡುವುದು ನಾನು, ಗುಂಡು ಎಣಿಸುವುದು ಅಕ್ಕ. ಮೇಲೆ ಅಡ್ಡ ಹಾಯುವ ಹಾರುವ ತಟ್ಟೆಗೆ 23ನೆಯ ಗುಂಡು, ಆಮೇಲೆ ಪ್ರತಿ 15ನೆಯ ಗುಂಡು ತಾಗಿದರೆ 300 ಅಂಕ. ಈ ಗುಟ್ಟನ್ನು ಅವಳು ಎಲ್ಲಿಂದ ಹಿಡಿದು ತಂದಳೋ, ಇಂದಿಗೂ ಹೇಳಿಲ್ಲ. ಕೆಳಗಿಳಿದಂತೆ ರಾಕ್ಷಸರು ಹಸಿರಾಗುತ್ತಿದ್ದರು. ಕೋಪ ಬಂದಿದೆ ಎಂದುಕೊಂಡಿದ್ದೆ. ಕಪ್ಪುಬಿಳುಪು ಪರದೆಯ ಮೇಲೆ ಬಣ್ಣದ ಪಾರದರ್ಶಕ ಪಟ್ಟಿ ಹಚ್ಚಿದ್ದರು ಎಂಬುದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಕಳೆದ ತಿಂಗಳು ಹಳೆಯದೊಂದು ನಿಂಟೆಂಡೊ ಡಿಎಸ್ ಕೊಂಡೆ, ಕೈಯಲ್ಲಿ ಹಿಡಿದು ವಿಡಿಯೊ ಆಟ ಆಡುವ ಪುಟ್ಟ ಯಂತ್ರ. ಕೊಂಡದ್ದೇ ‘ಸ್ಪೇಸ್ ಇನ್ವೇಡರ್ಸ್ ಎಕ್ಸ್‌ಟ್ರೀಮ್’ ಆಡಲು. ಮೂಲ ಆಟಕ್ಕೆ 30 ತುಂಬಿದ 2008ರಲ್ಲಿ, ಮೊದಲು ತಯಾರಿಸಿದ್ದ ಜಪಾನಿನ ಟೈಟೊ ಕಂಪನಿಯೇ ಅದನ್ನು ಅಂಗೈಗೆ ಹೊಂದುವಂತೆ ಹೊಸದಾಗಿ ಮಾಡಿತು. ಹಳೆಯ ಆಟಗಳನ್ನು ಹೊಸದು ಮಾಡುವವರ ಮೇಲೆ ನನಗೆ ಸಿಟ್ಟಿದೆ. ಸುಣ್ಣಬಣ್ಣ ಬಳಿದು ಮುಗಿಸುತ್ತಾರೆ, ಆ ಆಟ ಜನರನ್ನು ಏಕೆ ಹಿಡಿದು ನಿಲ್ಲಿಸಿತು ಎಂದು ಕೇಳುವುದೇ ಇಲ್ಲ. ಇವರು ಕೇಳಿದ್ದಾರೆ.

1978ರಲ್ಲಿ ಈ ಆಟ ಕಟ್ಟಿದ ತೊಮೊಹಿರೊ ನಿಶಿಕಾಡೊ ಅದಕ್ಕೆ ಬೇಕಾದ ಯಂತ್ರವನ್ನೂ ತಾವೇ ಸಿದ್ಧಪಡಿಸಿಕೊಂಡವರು. ಸಾಲಿಗೆ 11ರಂತೆ ಐದು ಸಾಲು, ಒಟ್ಟು 55 ಶತ್ರುಗಳು. ಅಷ್ಟನ್ನೂ ಚಿತ್ರಿಸಲು ಆಗಿನ ಚಿಪ್ ಏದುಸಿರು ಬಿಡುತ್ತಿತ್ತು. ಒಬ್ಬೊಬ್ಬರೇ ಸತ್ತಂತೆ ಅದರ ಹೊರೆ ಇಳಿದು, ಉಳಿದವರ ನಡಿಗೆ ಚುರುಕಾಗುತ್ತಿತ್ತು. ನಿಶಿಕಾಡೊ ಅದನ್ನು ತಿದ್ದದೆ ಹಾಗೆಯೇ ಬಿಟ್ಟರು. ಆ ನಾಲ್ಕು ಸ್ವರಗಳೂ ಜೊತೆಯಲ್ಲೇ ವೇಗ ಪಡೆಯುತ್ತಿದ್ದವು. ಕೊನೆಯ ಒಬ್ಬ ಪರದೆಯ ಆ ತುದಿಯಿಂದ ಈ ತುದಿಗೆ ಓಡುವಾಗ ಎದೆ ಬಡಿತವೂ ಅದೇ ತಾಳಕ್ಕೆ ಬಿದ್ದಿರುತ್ತಿತ್ತು.

ಹೊಸ ಆಟದ ಜೀವ ಇರುವುದೂ ತಾಳದಲ್ಲೇ. ಗುಂಡು ಹಾರಿಸಿದ ಸದ್ದು, ಅದು ತಾಗಿದ ಸದ್ದು ಎಲ್ಲವೂ ಹಿನ್ನೆಲೆ ಸಂಗೀತದ ಲಯಕ್ಕೆ ಸರಿಯಾಗಿ ಕೂರುತ್ತವೆ. ಎರಡು ನಿಮಿಷ ಕಳೆಯುವಷ್ಟರಲ್ಲಿ ಹೆಬ್ಬೆರಳು ಖಂಜಿರ ನುಡಿಸುತ್ತಿರುತ್ತದೆ. ಅಂದು ಪಟ್ಟಿಯಲ್ಲಿದ್ದ ಬಣ್ಣ ಇಂದು ಆಟದ ನಿಯಮವೇ ಆಗಿದೆ. ಒಂದೇ ಬಣ್ಣದ ನಾಲ್ವರನ್ನು ಬೆನ್ನುಬೆನ್ನಿಗೆ ಹೊಡೆದರೆ ವಿಶೇಷ ಅಸ್ತ್ರ ಸಿಗುತ್ತದೆ. ಹಾಗಾಗಿ ತಲೆಯ ಮೇಲೇ ಬಂದು ನಿಂತ ಕೆಂಪು ಬಣ್ಣದವನನ್ನು ಬಿಟ್ಟು, ದೂರದ ನೀಲಿಗಾಗಿ ಕಾಯುತ್ತೇನೆ. ಹಳೆಯ ಭಯವೇ ಅದು, ಈಗ ಆಸೆಯ ರೂಪದಲ್ಲಿ ಬರುತ್ತದೆ.

ತಕರಾರು ಒಂದಿದೆ. ಹಿಂದೆ ಕುಣಿಯುವ ಆ ವಿಡಿಯೊ ಚಿತ್ರಗಳು ಬೇಡವಾಗಿತ್ತು. ಅಷ್ಟು ಚಿಕ್ಕ ಪರದೆಯಲ್ಲಿ ಶತ್ರುವಿನ ಗುಂಡು ಅವುಗಳ ನಡುವೆ ಕಳೆದುಹೋಗುತ್ತದೆ. ಕಾಣದ ಗುಂಡಿಗೆ ಸಾಯುವುದು ಅನ್ಯಾಯ.

ಭಾನುವಾರ ಅಕ್ಕ ಮಂಡ್ಯದಿಂದ ಬಂದಿದ್ದಳು. ಕನ್ನಡಕ ಹಣೆಗೇರಿಸಿ ಡಿಎಸ್ ಅನ್ನು ಮೂಗಿನ ಹತ್ತಿರ ಹಿಡಿದಳು. ಹಾರುವ ತಟ್ಟೆ ಬಂದಾಗ ಅವಳ ತುಟಿ ಅಲುಗುತ್ತಿತ್ತು. ಇಪ್ಪತ್ತೊಂದು, ಇಪ್ಪತ್ತೆರಡು. “ಸದ್ದು ಜಾಸ್ತಿ ಮಾಡೋ” ಎಂದಳು, ಕಣ್ಣೆತ್ತದೆ.