ಮಾಳಗಿ ಮ್ಯಾಲಿನ ಹದಿನಾಲ್ಕು ದಿನ

ನಮ್ಮ ಕಲಬುರಗಿಯವರಿಗೆ ಲಾಕ್‌ಡೌನ್ ಏನೂ ಹೊಸದಲ್ಲ. ಏಪ್ರಿಲ್-ಮೇ ಬಂತೆಂದರೆ ಸೂರ್ಯನೇ ಅದನ್ನು ಹೇರುತ್ತಾನೆ. ಮಧ್ಯಾಹ್ನ ಹನ್ನೆರಡರಿಂದ ಐದರ ತನಕ ಓಣಿಯಲ್ಲಿ ನಾಯಿ ಕೂಡ ಅಡ್ಡಾಡುವುದಿಲ್ಲ. ಸರ್ಕಾರವೂ ಸೋತು, ಬೇಸಿಗೆಯಲ್ಲಿ ಈ ಭಾಗದ ಕಚೇರಿಗಳನ್ನು ಬೆಳಿಗ್ಗೆ ಎಂಟಕ್ಕೆ ತೆರೆದು ಒಂದೂವರೆಗೆ ಮುಚ್ಚಿಬಿಡುತ್ತದೆ. ಲಾಠಿ ಬೇಕಿಲ್ಲ, 42 ಡಿಗ್ರಿ ಸಾಕು. ಹಾಗಾಗಿ 2020ರ ಮಾರ್ಚ್‌ನಲ್ಲಿ ಮನೆಯೊಳಗೇ ಇರಿ ಎಂದು ಎಲ್ಲರಿಗೂ ಹೇಳಿದಾಗ ನಮಗೆ ಕಷ್ಟವಾದದ್ದು ಮಧ್ಯಾಹ್ನವಲ್ಲ, ಸಂಜೆ. ಬಿಸಿಲು ಇಳಿಯುತ್ತಲೇ ಅಪ್ಪನ ಕೆರೆ ದಂಡೆಗೋ, ಪಬ್ಲಿಕ್ ಗಾರ್ಡನ್ನಿಗೋ, ಇಲ್ಲ ಸೂಪರ್ ಮಾರ್ಕೆಟ್ ಕಡೆ ಮಿರ್ಚಿ ಭಜಿಗೋ ಹೊರಡುತ್ತಿದ್ದ ಕಾಲುಗಳು ಈಗ ಎಲ್ಲಿಗೆ ಹೋಗಬೇಕು?

ಮಾಳಗಿಗೆ.

ನಮ್ಮ ಮನೆಗಂತೂ ಬೇರೆ ದಾರಿಯೇ ಇರಲಿಲ್ಲ. ದುಬೈನಲ್ಲಿದ್ದ ತಮ್ಮ ಮಾರ್ಚ್ 20ಕ್ಕೆ, ವಿಮಾನಗಳು ನಿಲ್ಲುವ ಎರಡು ದಿನ ಮೊದಲು, ಕೈಮೇಲೆ ಶಾಯಿ ಮುದ್ರೆ ಒತ್ತಿಸಿಕೊಂಡು ಬಂದಿಳಿದ. ಹದಿನಾಲ್ಕು ದಿನ ಮನೆಯಲ್ಲೇ ಇರಬೇಕೆಂಬ ಮುದ್ರೆ. ಬಾಗಿಲಿಗೂ ಒಂದು ಚೀಟಿ ಅಂಟಿತು. ಊರು ಮೊದಲೇ ಬೆಚ್ಚಿತ್ತು. ಮಾರ್ಚ್ 10ರಂದು ತೀರಿಕೊಂಡ 76 ವರ್ಷದ ಹಿರಿಯರು ನಮ್ಮೂರಿನವರು, ಕೊರೊನಾಕ್ಕೆ ದೇಶದಲ್ಲಿ ಆದ ಮೊದಲ ಸಾವು ಅದು. ಆ ಚೀಟಿ ನೋಡಿ ಹಾಲಿನವನು ಪಾಕೀಟು ಗೇಟಿನ ಮೇಲಿಂದ ಎಸೆಯತೊಡಗಿದ. ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ.

ತಮ್ಮನಿಗೆ ಮಾಳಗಿ ಮೇಲಿನ ಖೋಲಿ ಕೊಟ್ಟೆವು. ಮಾಳಗಿಯ ಆ ತುದಿ ಅವನದು, ಈ ತುದಿ ನಮ್ಮದು, ನಡುವೆ ನೀರಿನ ಟಾಕಿ. ಅವ್ವ ಸೀಮೆಸುಣ್ಣದಿಂದ ಗೆರೆ ಎಳೆದು, "ಇದನ್ನ ದಾಟಿದಿ ಅಂದ್ರ ಕಾಲು ಮುರಿತೀನಿ" ಅಂದಳು. ಐದು ವರ್ಷದ ಮೇಲೆ ಮನೆಗೆ ಬಂದ ಮಗನಿಗೆ ಇದು ಸ್ವಾಗತ.

ಬೆಳಿಗ್ಗೆ ಮಾಳಗಿ ಅವ್ವನದು. ಯಾರು ಸಾಯಲಿ ಯಾರು ಬದುಕಲಿ, ಬ್ಯಾಸಿಗಿ ಹಪ್ಪಳ, ಸಂಡಗಿ, ಕುರುಡಿಗಿ ಆಗಲೇಬೇಕು. ಹಳೇ ಧೋತರದ ಮೇಲೆ ಸಾಲಾಗಿ ಹರವಿ, ಕಾಗೆ ಕಾಯುವ ಕೆಲಸವನ್ನು ಗೆರೆಯಾಚೆ ಇದ್ದ ಇಂಜಿನಿಯರಿಗೆ ವಹಿಸಿದಳು. ಅವನ ಕೈಗೊಂದು ಕೋಲು, ತಲೆಗೊಂದು ವಸ್ತ್ರ. ಎರಡನೇ ದಿನವೇ ಕಾಗೆಗಳಿಗೆ ಅವನ ಕೋಲಿನ ಉದ್ದ ಎಷ್ಟೆಂದು ತಿಳಿದುಹೋಯಿತು. "ಅಲ್ಲಿ ಎಷ್ಟ್ ಮಂದಿ ಇವನ ಕೈಕೆಳಗ ದುಡಿತಾರೋ ಏನೋ, ಇಲ್ಲಿ ಒಂದ್ ಕಾಗಿ ಮಾತು ಕೇಳವಲ್ದು" ಎಂದು ಅವ್ವ ನನ್ನ ಹೆಂಡತಿಯ ಮುಂದೆ ಹೇಳಿದ್ದು ಅವನಿಗೆ ಕೇಳಿಸುವಷ್ಟು ಜೋರಾಗಿಯೇ ಇತ್ತು.

ಸಂಜೆ ಆರಕ್ಕೆ ನನ್ನ ಪಾಳಿ. ನಮ್ಮ ಮಾಳಗಿಗೆ ಹಾಸಿದ್ದು ಶಹಾಬಾದದ ಫರಸಿ. ದಿನವೆಲ್ಲ ಬಿಸಿಲು ಕುಡಿದ ಆ ಕಲ್ಲು ಸಂಜೆಗೂ ಕಾದ ಹಂಚು. ಬರಿಗಾಲಲ್ಲಿ ನಿಂತರೆ ಕುಣಿಸುತ್ತದೆ. ಬಕೇಟಿನಿಂದ ಬೊಗಸೆಯಲ್ಲಿ ನೀರು ಚಿಮುಕಿಸಿದರೆ ಮೊದಲ ಸುತ್ತು ಕಣ್ಣೆದುರೇ ಮಾಯ. ಬಿದ್ದ ಹನಿಯ ಕಪ್ಪು ಮಚ್ಚೆ ಅಂಚಿನಿಂದ ಒಳಗೆ ಒಳಗೆ ಕುಗ್ಗುತ್ತ ಬಂದು ನಡುವಿನ ಚುಕ್ಕಿಯಾಗಿ ಅಳಿಸಿಹೋಗುತ್ತದೆ. ಎರಡನೇ ಸುತ್ತಿಗೆ ಕಲ್ಲಿನಿಂದ ಬಿಸಿ ಉಸಿರೊಂದು ಮುಖಕ್ಕೆ ಬರುತ್ತದೆ, ಮಳೆ ವಾಸನೆಯೂ ಅಲ್ಲದ, ಸುಣ್ಣದ ವಾಸನೆಯೂ ಅಲ್ಲದ ಒಂದು ವಾಸನೆ. ಮೂರನೇ ಸುತ್ತಿಗೆ ಚಾಪೆ ಹಾಸಬಹುದು. ನಾಲ್ಕನೆಯದಕ್ಕೆ ಅವ್ವ ಬಿಡುವುದಿಲ್ಲ. ನಳ ಬರುವುದು ಯಾವಾಗಲೋ ಒಮ್ಮೆ, ಅದನ್ನು ಕಲ್ಲಿಗೆ ಕುಡಿಸುತ್ತೀಯಾ ಎಂಬುದು ಅವಳ ನ್ಯಾಯವಾದ ತಕರಾರು.

ಆಮೇಲೆ ಚೌಕಾಬಾರ. ನಾಲ್ಕು ಅರೆ ಹುಣಸಿ ಬೀಜ. ಎಲ್ಲಾ ಬಿಳಿ ಬಿದ್ದರೆ ಚೌಕ, ನಾಲ್ಕು. ಎಲ್ಲಾ ಕರಿ ಬಿದ್ದರೆ ಬಾರ, ಎಂಟು. ತಮ್ಮನೂ ಆಡಬೇಕೆಂದು ಮಗಳು ಹಟ ಹಿಡಿದಳು. ಆದರೆ ಅವನು ಬೀಜ ಮುಟ್ಟುವಂತಿಲ್ಲ. ಕೊನೆಗೆ ಅವನ ಪರವಾಗಿ ಅವ್ವ ಬೀಜ ಹಾಕುವುದು, ಯಾವ ಕಾಯಿ ನಡೆಸಬೇಕೆಂದು ಅವನು ಟಾಕಿಯ ಆಚೆಯಿಂದ ಒದರುವುದು ಎಂದಾಯಿತು. ನನಗೆ ಒಂದು, ಎರಡು ಬೀಳುತ್ತಿದ್ದರೆ ಮಗನ ಪರವಾಗಿ ಅವ್ವನ ಕೈಯಲ್ಲಿ ಬರೀ ಬಾರ. "ಯವ್ವಾ, ಬೀಜ ತಿರುಗಿಸ್ಲಾಕತ್ತೀದಿ ನೀ" ಎಂದರೆ, "ಕಣ್ಣ ಮ್ಯಾಲಿಟ್ಟಾನ ದೇವ್ರು, ನೋಡ್ತಾನ" ಎಂಬ ಉತ್ತರ. ಅವಳು ಇಲ್ಲ ಎನ್ನಲಿಲ್ಲ ಎಂಬುದನ್ನು ಗಮನಿಸಬೇಕು.

ಮಾರ್ಚ್ 25 ಯುಗಾದಿ. ಮುನ್ನಾದಿನದ ನಡುರಾತ್ರಿಯಿಂದಲೇ ದೇಶಕ್ಕೆ ಬೀಗ. ಬೆಲ್ಲ, ಹುಣಸಿ, ಬೇವಿನ ಹೂವಿನ ಪಾನಕವನ್ನು ಲೋಟದಲ್ಲಿ ಗೆರೆಯ ಮೇಲಿಟ್ಟು ಅವ್ವ ಹಿಂದೆ ಸರಿದಳು. ಸಂಜೆ ಎಲ್ಲರೂ ಪಡುವಣಕ್ಕೆ ಮುಖ ಮಾಡಿ ಚಂದ್ರನನ್ನು ಹುಡುಕುತ್ತಿದ್ದಾಗ ಪಕ್ಕದ ಮಾಳಗಿಯಲ್ಲಿ ಚಾಚಾ ಕೂಡ ಕೈ ಅಡ್ಡ ಹಿಡಿದು ಅತ್ತಲೇ ನೋಡುತ್ತಿದ್ದರು. ನಮಗದು ಯುಗಾದಿ ಚಂದ್ರ, ಅವರಿಗೆ ಶಾಬಾನ್ ತಿಂಗಳ ಚಂದ್ರ. "ದಿಖ್ಯಾ ಕ್ಯಾ?" ಎಂದರು. ಮೊದಲು ಕಂಡದ್ದು ನನ್ನ ಮಗಳಿಗೆ. ಉಗುರಿನ ತುಣುಕಿನಷ್ಟು. ಎರಡೂ ಮಾಳಗಿಗೆ ಅವಳೇ ಬೆರಳು ತೋರಿಸಿದಳು. ಅಂದಿನಿಂದ ಚಾಚಾ ನಮ್ಮ ಚೌಕಾಬಾರದ ಪಂಚರಾದರು, ಗೋಡೆಯಾಚೆಯಿಂದಲೇ ಅವ್ವನ ಪರ ತೀರ್ಪು ಕೊಡುವ ಪಂಚರು.

ಏಪ್ರಿಲ್ 3 ಕೊನೆಯ ದಿನ. ಅಂದು ಶುಕ್ರ ಕೃತ್ತಿಕೆಯ ಚುಕ್ಕಿಗಳ ನಡುವೆ ಬಂದಿದ್ದ. ದೊಡ್ಡ ದೀಪದ ಬದಿಗೆ ಸಾಸಿವೆ ಚೆಲ್ಲಿದ ಹಾಗೆ. ನಾನು ನಾಲ್ಕು ಎಣಿಸಿದೆ, ಮಗಳು ಆರು ಎಂದಳು, ತಮ್ಮ ತನ್ನ ತುದಿಯಿಂದ ಏಳೆಂದ. ಕತ್ತಲಲ್ಲಿ ಯಾರ ಲೆಕ್ಕ ಯಾರು ನೋಡಬೇಕು. ಅವನ ಕೈಮೇಲಿನ ಶಾಯಿ ಮಾಸಿ ಬರೀ ನೀಲಿ ಕಲೆ ಉಳಿದಿತ್ತು.

ಮರುದಿನ ಸಂಜೆ ಅವ್ವನೇ ಹಸಿ ಬಟ್ಟೆಯಿಂದ ಗೆರೆ ಒರೆಸಿದಳು. ತಮ್ಮ ಬಂದು ಚಾಪೆಯ ಮೇಲೆ ಕೂತು, ಹದಿನಾಲ್ಕು ದಿನದಲ್ಲಿ ಮೊದಲ ಸಲ ಬೀಜಗಳನ್ನು ತನ್ನ ಕೈಯಲ್ಲೇ ಹಿಡಿದು, ಜೋರಾಗಿ ಕುಲುಕಿ ಹಾಕಿದ. ಒಂದು. ಮತ್ತೆ ಹಾಕಿದ, ಎರಡು. ಮತ್ತೆ, ಒಂದು.

ಗೋಡೆಯಾಚೆ ಚಾಚಾ ನಕ್ಕರು. ಅವ್ವ ಸುಮ್ಮನೆ ಕೈ ಚಾಚಿ, "ಇಲ್ಲಿ ತಾ" ಅಂದಳು.